ಫ್ಯಾನಿಗೆ ಕೈಯಿಡುವ ಮುನ್ನ

ವಿಮಾನಕ್ಕೆ ಬಟ್ಟೆ ಹೊಲಿಯುತ್ತೇನೆ ಎಂದರೆ ಯಾರು ನಂಬುತ್ತಾರೆ, ನೀವೇ ಹೇಳಿ. ಬಸ್ಸಿನಲ್ಲಿ ಪಕ್ಕ ಕೂತವರು ಏನು ಕೆಲಸ ಎಂದು ಕೇಳಿದರೆ ಸೂಜಿಯಕ್ಕ "ಟೈಲರ್" ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿಬಿಡುತ್ತಿದ್ದಳು. ಬಾಯಿ ತಪ್ಪಿ ನಿಜ ಹೇಳಿದ ದಿನ "ಹೌದಾ! ವಿಮಾನಕ್ಕೆ ಅಂಗಿನೋ ಚಡ್ಡಿನೋ?" ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. "ಎರಡೂ. ಅಳತೆ ಕೊಟ್ರೆ ನಿಮಗೂ ಹೊಲಿತೀನಿ. ಆದ್ರೆ ಹಳದಿ ಬಣ್ಣ ಒಂದೇ ಇರೋದು" ಎನ್ನುತ್ತಿದ್ದಳು. ಆಮೇಲೆ ಇಳಿಯುವವರೆಗೂ ಯಾರೂ ಮಾತಿಗೆ ಬರುತ್ತಿರಲಿಲ್ಲ.

ಆದರೆ ಅವಳು ಹೇಳಿದ್ದು ಅಪ್ಪಟ ನಿಜ. ಊರಾಚೆ ಒಂದು ಹುಲ್ಲಿನ ಮೈದಾನ, ಅದರ ಅಂಚಿಗೆ ತಗಡಿನ ದೊಡ್ಡ ಶೆಡ್ಡು. ಹಳೇ ವಿಮಾನಗಳನ್ನು ಹಾರುವ ಸ್ಥಿತಿಯಲ್ಲೇ ಉಳಿಸಿಕೊಳ್ಳಬೇಕೆಂಬ ಹುಚ್ಚು ಹತ್ತಿಸಿಕೊಂಡ ಒಂದು ಸಂಸ್ಥೆ ಅದನ್ನು ನಡೆಸುತ್ತಿತ್ತು. ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಮೇಲೊಂದು ಕೆಳಗೊಂದು ರೆಕ್ಕೆಯಿದ್ದ ಹಳದಿ ವಿಮಾನ. ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ಅಜ್ಜಿ ಎಂದು. ಅಜ್ಜಿಯ ಮೂಳೆ ಮರದ್ದು, ಚರ್ಮ ಬಟ್ಟೆಯದು. ಆ ಬಟ್ಟೆಯನ್ನು ಅಳೆದು, ಕತ್ತರಿಸಿ, ರೆಕ್ಕೆಗೆ ತೊಡಿಸಿ, ಮೇಣ ಹಚ್ಚಿದ ದಾರದಿಂದ ಹೊಲಿದು, ಮೇಲೆ ಉಗುರು ಬಣ್ಣದ ವಾಸನೆಯ ದ್ರಾವಣ ಬಳಿದು ಬಿಗಿ ಮಾಡುವುದು ಸೂಜಿಯಕ್ಕನ ಕೆಲಸ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಡಬ್ ಎನ್ನಬೇಕು. ಎನ್ನದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು, ಯಾರು ಎಷ್ಟು ಅವಸರ ಮಾಡಿದರೂ ಸರಿಯೇ.

ಅವಳ ಮದುವೆ ಆದದ್ದೂ ಆ ರೆಕ್ಕೆಯಿಂದಲೇ. ರೆಕ್ಕೆ ಹೊಲಿಯಲು ಇಬ್ಬರು ಬೇಕು. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಈ ಕಡೆಯವರು ಮೊಳದುದ್ದದ ಸೂಜಿಯನ್ನು ಆ ಕಡೆಗೆ ತೂರಿಸಬೇಕು, ಆ ಕಡೆಯವರು ದಾರ ಬಿಗಿದು ವಾಪಸ್ಸು ಕಳಿಸಬೇಕು. ನಡುವೆ ಬಟ್ಟೆ, ಮುಖ ಕಾಣುವುದಿಲ್ಲ. ಒಂದು ಸಲ ಆ ಕಡೆ ಕೂರಲು ಯಾರೂ ಸಿಗದೆ, ಎಂಜಿನ್ನಿನ ಕೆಲಸ ಕಲಿಯುತ್ತಿದ್ದ ಒಬ್ಬ ಗಂಟುಮುಖದವನನ್ನು ಕೂರಿಸಿದರು. ಸೂಜಿಯಕ್ಕ ಕಳಿಸಿದ ಮೊದಲ ಸೂಜಿ ನೆಟ್ಟಗೆ ಅವನ ಹೆಬ್ಬೆರಳಿಗೇ ಹೋಯಿತು. ಆ ಕಡೆಯಿಂದ ಕಿರಿಚಾಟವಿಲ್ಲ, ಬೈಗುಳವಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಸೂಜಿ ಕಳಿಸೋಕೆ ಮುಂಚೆ ಕಳಿಸ್ತೀನಿ ಅಂತ ಹೇಳಿ. ಬಂತು ಅಂತ ನಾನು ಹೇಳ್ತೀನಿ" ಎಂಬ ಮಾತು ಬಂತು. ಅಂದಿನಿಂದ ರೆಕ್ಕೆ ಮುಗಿಯುವವರೆಗೆ "ಕಳಿಸ್ತೀನಿ", "ಬಂತು", "ಕಳಿಸ್ತೀನಿ", "ಬಂತು". ಅಷ್ಟು ಮಾತು ಸಾಕಾಯಿತು ಇಬ್ಬರಿಗೂ. ಮುಂದೆ ಅವನೇ ಮೇಸ್ತ್ರಿಯಾದ, ಅವಳ ಗಂಡನಾದ.

ಮೇಸ್ತ್ರಿ ಆ ಸೂಜಿಯ ನಿಯಮವನ್ನೇ ಎಂಜಿನ್ನಿಗೂ ತಂದ. ಅಜ್ಜಿಯ ಎಂಜಿನ್ನಿಗೆ ಕೀಲಿಯಿಲ್ಲ, ಗುಂಡಿಯಿಲ್ಲ. ಮುಂದಿನ ಪ್ರೊಪೆಲ್ಲರನ್ನು, ಶೆಡ್ಡಿನವರ ಬಾಯಲ್ಲಿ ಅದು ಫ್ಯಾನು, ಒಬ್ಬರು ನಿಂತು ಕೈಯಿಂದ ಎಳೆದು ತಿರುಗಿಸಬೇಕು. ಸ್ವಿಚ್ಚು ಇರುವುದು ಸೀಟಿನಲ್ಲಿ ಕೂತವರ ಕೈಯಲ್ಲಿ. ಮೊದಲು ಸ್ವಿಚ್ ಆಫ್ ಇಟ್ಟು ಫ್ಯಾನನ್ನು ಸುಮ್ಮನೆ ತಿರುಗಿಸಿ ಎಂಜಿನ್ನಿಗೆ ಪೆಟ್ರೋಲು ಕುಡಿಸುವುದು, ಆಮೇಲೆ ಸ್ವಿಚ್ ಹಾಕಿಸಿ ಜೋರಾಗಿ ಎಳೆಯುವುದು. ಆಫ್ ಎಂದುಕೊಂಡು ಕೈಯಿಟ್ಟಾಗ ಅದು ಆನ್ ಇದ್ದರೆ ಕೈ ಹೋಯಿತು, ಕೆಲವೊಮ್ಮೆ ಜೀವವೂ. ಆದ್ದರಿಂದ ಫ್ಯಾನಿನ ಮುಂದೆ ನಿಂತವನು ಕೂಗಿ ಕೇಳಬೇಕು, ಸೀಟಿನಲ್ಲಿ ಕೂತವನು ಕೈಯಿಂದ ಮುಟ್ಟಿ ನೋಡಿ ಅದೇ ಮಾತನ್ನು ತಿರುಗಿ ಕೂಗಬೇಕು. ಒಂದು ಮಾತು ಹೆಚ್ಚಾಗಬಾರದು, ಒಂದು ಕಮ್ಮಿಯಾಗಬಾರದು. ಹಾಗೇನಾದರೂ ಆಯಿತೆಂದರೆ ಎಲ್ಲ ಮೊದಲಿನಿಂದ. ಒಮ್ಮೆ ಸೂಜಿಯಕ್ಕ ನಡುವೆ ಬಂದು "ಟೀ ತರ್ಲಾ?" ಎಂದದ್ದಕ್ಕೆ ಮೇಸ್ತ್ರಿ ಫ್ಯಾನಿನಿಂದ ಹಿಂದೆ ಸರಿದು, "ಮೊದಲಿಂದ!" ಎಂದು ಗುಡುಗಿದ್ದ. ಟೀ ಆರಿತು, ಅವಳಿಗೆ ಸಿಟ್ಟು ಬಂತು, ಅಂದು ಸಂಜೆಯವರೆಗೂ ಅವನಿಗೆ ಟೀ ಸಿಗಲಿಲ್ಲ.

ಸೀಟಿನಲ್ಲಿ ಕೂರುತ್ತಿದ್ದವನು ಬೇರೆ ಯಾರೂ ಅಲ್ಲ, ಸೂಜಿಯಕ್ಕನ ತಮ್ಮ. ತಾಯಿ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವನು. ಭಾವನ ಹಿಂದೆ ಶೆಡ್ಡಿಗೆ ಬಂದು ಬಂದು ವಿಮಾನದ ಗೀಳು ಹತ್ತಿ, ಓದಿ ಪೈಲಟ್ ಆದ. ದೊಡ್ಡ ದೊಡ್ಡ ವಿಮಾನ ಹಾರಿಸಿ ಬಂದರೂ ಅಜ್ಜಿಯೆಂದರೆ ಪ್ರಾಣ. ಶೆಡ್ಡಿನಲ್ಲಿ ಅವನನ್ನು ಕ್ಯಾಪ್ಟನ್ ಎಂದು ಕರೆದರೂ ಅಕ್ಕನಿಗೆ ಅವನು ಪುಟ್ಟನೇ. ರಜೆಯ ದಿನವೆಲ್ಲ ಭಾವ ಫ್ಯಾನಿನ ಮುಂದೆ, ಭಾವಮೈದ ಸೀಟಿನಲ್ಲಿ, ನಡುವೆ ಆ ಕೂಗಾಟ. ಊಟಕ್ಕೂ ಒಟ್ಟಿಗೆ, ಜಗಳಕ್ಕೂ ಒಟ್ಟಿಗೆ.

ಹೀಗಿದ್ದವರ ಮೇಲೆ ಯಾರ ಕಣ್ಣು ಬಿತ್ತೋ ಏನೋ. ಹಿಂದಿನ ವರ್ಷ ಒಂದು ಬೆಳಿಗ್ಗೆ ಅಜ್ಜಿ ಒಂದು ಸುತ್ತು ಹಾರಿ ಬಂದು, ಎಂಜಿನ್ ನಿಲ್ಲಿಸಿ, ಮತ್ತೆ ಹೊರಡಬೇಕಿತ್ತು. "ಸ್ವಿಚ್ ಆಫ್?" ಎಂದ ಮೇಸ್ತ್ರಿ. "ಸ್ವಿಚ್ ಆಫ್" ಎಂದ ತಮ್ಮ. ಮೇಸ್ತ್ರಿ ಕೈಯಿಟ್ಟು ಮೆಲ್ಲಗೆ ತಿರುಗಿಸಿದ್ದೇ ತಡ, ಎಂಜಿನ್ ಢಂ ಎಂದು ಒದೆಯಿತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಒಂದು ಗೇಣು ಮುಂದೆ ನಿಂತಿದ್ದರೆ ತಲೆಯೇ ಹೋಗುತ್ತಿತ್ತು.

"ಆನ್ ಇಟ್ಕೊಂಡು ಆಫ್ ಅಂದ" ಎಂದ ಮೇಸ್ತ್ರಿ ಆಸ್ಪತ್ರೆಯ ಮಂಚದಲ್ಲಿ. "ಆಫ್ ಇತ್ತು, ಮುಟ್ಟಿ ನೋಡೇ ಹೇಳಿದೆ" ಎಂದ ತಮ್ಮ ಬಾಗಿಲಲ್ಲಿ ನಿಂತು. ಎಂಜಿನ್ ಕಾದಿದ್ದರೆ ಒಳಗೆ ಅಂಟಿದ ಮಸಿ ಕೆಂಡವಾಗಿ, ಸ್ವಿಚ್ ಆಫ್ ಇದ್ದರೂ ಒಮ್ಮೊಮ್ಮೆ ಒದೆಯುವುದುಂಟು. ಸ್ವಿಚ್ಚಿನ ವೈರು ಒಳಗೇ ಕಡಿದಿದ್ದರೂ ಒದೆಯುತ್ತದೆ. ಇಲ್ಲವೇ ಹುಡುಗನ ಕೈ ನಿಜವಾಗಿಯೂ ತಪ್ಪಿರಬಹುದು. ಮೂರರಲ್ಲಿ ಯಾವುದು ಎಂದು ಅಂದೂ ಗೊತ್ತಾಗಲಿಲ್ಲ, ಇಂದಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಒಬ್ಬರು ಕ್ಷಮೆ ಕೇಳಿ ಮುಗಿಸುತ್ತಿದ್ದರು. ಗೊತ್ತಾಗದ್ದಕ್ಕೇ ಇಬ್ಬರ ಬಾಯಿಗೂ ಬೀಗ ಬಿತ್ತು.

ಆ ವರ್ಷ ಸೂಜಿಯಕ್ಕ ಅಂಚೆ ಕಚೇರಿಯಾದಳು. ಒಂದೇ ಶೆಡ್ಡು, ಒಂದೇ ವಿಮಾನ, ಕೈಗೆಟುಕುವ ದೂರದಲ್ಲೇ ನಿಂತಿರುತ್ತಾರೆ, ಆದರೂ "ಸ್ಪ್ಯಾನರ್ ಬೇಕಂತ ನಿನ್ನ ತಮ್ಮನಿಗೆ ಹೇಳು" ಎಂದು ಇವನು. "ಆ ಟೂಲ್ ಬಾಕ್ಸಲ್ಲೇ ಇದೆ ಅಂತ ಭಾವನಿಗೆ ಹೇಳಕ್ಕ" ಎಂದು ಅವನು. ಅವಳು ಬಾಯಲ್ಲಿ ದಾರ ಕಚ್ಚಿಕೊಂಡೇ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ಹೇಳಬೇಕು. ಮನೆಗಂತೂ ತಮ್ಮ ಕಾಲಿಡುವುದನ್ನೇ ಬಿಟ್ಟ. ಊಟದ ಮೇಜಿನಲ್ಲಿ ಅವನು ಕೂರುತ್ತಿದ್ದ ಮೂರನೇ ಕುರ್ಚಿಯ ಮೇಲೆ ಮೇಸ್ತ್ರಿ ಹಳೇ ಪೇಪರು ಪೇರಿಸತೊಡಗಿದ. ಅವಳು ದಿನಾ ಅದನ್ನು ತೆಗೆದಿಡುತ್ತಿದ್ದಳು, ಅವನು ದಿನಾ ಪೇರಿಸುತ್ತಿದ್ದ. ಗಂಡನೂ ಬೇಕು, ತಮ್ಮನೂ ಬೇಕು. ಯಾರ ಪರ ವಹಿಸಲಿ? ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಎಷ್ಟೋ ಸಲ ಅತ್ತಳು.

ಇಬ್ಬರೂ ಒಳಗೊಳಗೇ ಬೇಯುತ್ತಿದ್ದದ್ದು ಅವಳಿಗೆ ಮಾತ್ರ ಗೊತ್ತಿತ್ತು. ಕೈ ಕೂಡಿದ ಮೇಲೆ ಮೇಸ್ತ್ರಿ ಸ್ವಿಚ್ಚಿನ ವೈರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. "ಹಳೇದು ಚೆನ್ನಾಗೇ ಇತ್ತಲ್ಲ ರೀ?" ಎಂದರೆ "ಇರಲಿ ಅಂತ" ಎಂದು ಮುಖ ತಿರುಗಿಸಿದ. ಎಂಜಿನ್ ಬಿಚ್ಚಿ ಒಳಗಿನ ಮಸಿಯನ್ನೆಲ್ಲ ಕೆರೆದು ಕೆರೆದು ಹೊಳೆಯುವಂತೆ ಮಾಡಿದ. ಅತ್ತ ತಮ್ಮ, ಯಾರೂ ಇಲ್ಲದಾಗ ಅಜ್ಜಿಯ ಸೀಟಿನಲ್ಲಿ ಕೂತು ಸ್ವಿಚ್ ಮುಟ್ಟುವುದು, ಆಮೇಲೆ ಎರಡೂ ಕೈ ತಲೆಯ ಮೇಲೆ ಎತ್ತುವುದು, ಮತ್ತೆ ಮುಟ್ಟುವುದು, ಮತ್ತೆ ಎತ್ತುವುದು. ಕಳ್ಳನನ್ನು ಪೊಲೀಸರು ಹಿಡಿದ ಹಾಗೆ ಕಾಣುತ್ತಿದ್ದ. ಮೊದಲು ಅವಳಿಗೆ ನಗು ಬಂತು. ಸ್ವಿಚ್ಚಿನ ಮೇಲೆ ಕೈಯಿಲ್ಲವೆಂದು ಭಾವನ ಕಣ್ಣಿಗೇ ಕಾಣಲಿ ಎಂದು ಎತ್ತುತ್ತಿದ್ದಾನೆಂದು ಅರ್ಥವಾದಾಗ ಕಣ್ಣು ತುಂಬಿತು.

ಇಷ್ಟರಲ್ಲಿ ಶೆಡ್ಡಿನ ಮ್ಯಾನೇಜರು ಬಾಂಬು ಹಾಕಿದ. ಪುಕ್ಕಲು ಸ್ವಭಾವದ ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸುತ್ತಿದ್ದ. ಅಂದು ಒರೆಸಿ ಒರೆಸಿ ಗಾಜೇ ಸವೆಯುವಂತಾಯಿತು. "ಅಜ್ಜಿ ಒಂದು ವರ್ಷದಿಂದ ಸ್ಟಾರ್ಟೇ ಆಗಿಲ್ಲ. ಭಾನುವಾರ ತಪಾಸಣೆಯವರು ಬರ್ತಾರೆ. ಅವರ ಮುಂದೆ ಎಂಜಿನ್ ಓಡಿದ್ರೆ ಹಾರಾಟದ ಪರವಾನಗಿ. ಇಲ್ಲಾಂದ್ರೆ ಎಂಜಿನ್ ತೆಗೆದು ಸರ್ಕಲ್ಲಲ್ಲಿ ಕಂಬದ ಮೇಲೆ ನಿಲ್ಲಿಸ್ತಾರಂತೆ, ಟ್ರಾಫಿಕ್ ಸಿಗ್ನಲ್ ಪಕ್ಕ." ಬೇರೆಯವರನ್ನು ಕರೆಸೋಣವೆಂದರೆ ಅಜ್ಜಿಯ ಫ್ಯಾನಿಗೆ ಕೈ ಹಾಕಲು ಒಪ್ಪಿಗೆಯಿದ್ದದ್ದು ಮೇಸ್ತ್ರಿಗೆ, ಸೀಟಿನಲ್ಲಿ ಕೂರಲು ಕ್ಯಾಪ್ಟನ್ನಿಗೆ. ತಾನು ಹೊಲಿದ ಬಟ್ಟೆಯ ಮೇಲೆ ಪಾರಿವಾಳ ಕೂತು ಹಿಕ್ಕೆ ಹಾಕುವುದನ್ನು ನೆನೆದು ಸೂಜಿಯಕ್ಕನ ಮೈ ಉರಿಯಿತು. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಕಂಬ ಹತ್ತಿದರೆ ಈ ಇಬ್ಬರು ಒಂದೆಡೆ ನಿಲ್ಲಲು ಇನ್ನು ನೆಪವೇ ಉಳಿಯುವುದಿಲ್ಲ. ಆಮೇಲೆ ಇವರು ಜನ್ಮದಲ್ಲಿ ಮಾತಾಡಲಾರರು.

ಶುಕ್ರವಾರ ಒಂದು ಸಲ ಪ್ರಯತ್ನಿಸಿ ನೋಡೋಣ ಎಂದಾಯಿತು. ಆ ದೃಶ್ಯವನ್ನು ನೋಡಬೇಕಿತ್ತು ನೀವು. ಮೇಸ್ತ್ರಿ ಫ್ಯಾನಿನ ಮುಂದೆ, ತಮ್ಮ ಸೀಟಿನಲ್ಲಿ, ನಡುವೆ ರೆಕ್ಕೆಯ ತುದಿಯಲ್ಲಿ ಸೂಜಿಯಕ್ಕ.

"ಸ್ವಿಚ್ ಆಫ್ ಇದೆಯಾ ಕೇಳು" ಎಂದ ಮೇಸ್ತ್ರಿ.

"ಪುಟ್ಟಾ, ಸ್ವಿಚ್ ಆಫಾ?"

"ಆಫ್ ಅಂತ ಹೇಳಕ್ಕ."

"ಆಫ್ ಅಂತೆ ರೀ."

ಮೇಸ್ತ್ರಿ ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ಅಂತೆ ಕಂತೆ ಕೇಳ್ಕೊಂಡು ಕೈ ಇಡಕ್ಕಾಗತ್ತೇನೇ?"

"ಹಾಗಾದ್ರೆ ನೀವೇ ಕೇಳಿ! ನನ್ನೇನು ಮೈಕ್ ಅಂದ್ಕೊಂಡಿದೀರಾ ಇಬ್ರೂ?" ಎಂದು ಅವಳು ಸಿಡಿದಳು. ಅಂದಿಗೆ ಅಷ್ಟಕ್ಕೇ ಮುಗಿಯಿತು. ಅಜ್ಜಿಯನ್ನು ಮತ್ತೆ ಒಳಗೆ ತಳ್ಳಿದರು. ಕೊನೆಗೆ ಅವಳ ಮೂಲಕವೇ ಒಂದು ಒಪ್ಪಂದವಾಯಿತು. ಭಾನುವಾರ ಕೆಲಸದ ಮಟ್ಟಿಗೆ, ಆ ಕೂಗಿನ ಮಾತು ಮಾತ್ರ, ಒಬ್ಬರಿಗೊಬ್ಬರು ನೇರವಾಗಿ ಹೇಳುವುದು. ಬೇರೇನೂ ಇಲ್ಲ.

ಭಾನುವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಅಜ್ಜಿಯ ಚಕ್ರಗಳಿಗೆ ಮರದ ತುಂಡು ಅಡ್ಡ ಇಟ್ಟು, ಬಾಲಕ್ಕೆ ಹಗ್ಗ ಕಟ್ಟಿದ್ದರು. ತಪಾಸಣೆಯವರು ತೆಳ್ಳಗಿನ, ಮಾತು ಕಮ್ಮಿಯ ಒಬ್ಬ ಹೆಂಗಸು. ಕೈಕಟ್ಟಿ ದೂರ ನಿಂತರು. ಅವರ ಪಕ್ಕದಲ್ಲಿ ಮ್ಯಾನೇಜರು, ಕೈಯಲ್ಲಿ ಕನ್ನಡಕ.

ಮೇಸ್ತ್ರಿ ಫ್ಯಾನಿನ ಮುಂದೆ ಹೋಗಿ ನಿಂತ. ನಿಂತೇ ಇದ್ದ. ಎಡಗೈ ಬಲಗೈ ಮಣಿಕಟ್ಟನ್ನು ಉಜ್ಜುತ್ತಿತ್ತು. ಬಾಯಿ ತೆರೆಯಿತು, ಮುಚ್ಚಿತು. ನೋಡಿದವರು ಹಟ ಎಂದುಕೊಂಡರು. ಮ್ಯಾನೇಜರಂತೂ "ಈಗಲೂ ಸಿಟ್ಟಾ ಮೇಸ್ತ್ರೀ?" ಎಂದು ಗೊಣಗಿದ. ಆದರೆ ಸೂಜಿಯಕ್ಕನಿಗೆ ಒಂದೇ ನೋಟಕ್ಕೆ ತಿಳಿಯಿತು. ಅದು ಸಿಟ್ಟಲ್ಲ, ಹೆದರಿಕೆ. ವರ್ಷವಿಡೀ ಸಿಟ್ಟಿನ ಬಟ್ಟೆ ತೊಡಿಸಿ ಇಟ್ಟಿದ್ದ ಬರೀ ಹೆದರಿಕೆ. ತನ್ನ ಗಂಡ, ಎಂಥ ಎಂಜಿನ್ನನ್ನೂ ಗದರಿಸಿ ಓಡಿಸುವವನು, ಆ ಫ್ಯಾನಿಗೆ ಕೈಯಿಡಲು ಹೆದರಿ ನಿಂತಿದ್ದ. ಅವಳಿಗೆ ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

ಆಮೇಲೆ ಮಾಡಿದ್ದನ್ನು ಅವಳು ಯೋಚಿಸಿ ಮಾಡಲಿಲ್ಲ. ಸೀದಾ ನಡೆದು ಬಂದು, ಗಂಡನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಫ್ಯಾನಿನ ಮುಂದೆ ನಿಂತಳು. ಗಂಡ ಮಾಡುವುದನ್ನು ಎಷ್ಟು ವರ್ಷದಿಂದ ನೋಡಿದ್ದಳು ಅವಳು! ಬೆರಳು ಮಡಚದೆ ಎರಡೂ ಅಂಗೈಯನ್ನು ಅಲಗಿನ ಮೇಲೆ ಇಟ್ಟಳು.

"ಅವರು ಯಾರು?" ಎಂದರು ತಪಾಸಣೆಯವರು.

"ಟೈಲರ್ ಮೇಡಂ" ಎಂದ ಮ್ಯಾನೇಜರು, ಅಳುವುದೊಂದು ಬಾಕಿ.

"ಸ್ವಿಚ್ ಆಫ್?" ಎಂದು ಕೂಗಿದಳು ಸೂಜಿಯಕ್ಕ.

ಸೀಟಿನಲ್ಲಿದ್ದ ತಮ್ಮನ ಮುಖ ಬಿಳಿಚಿಕೊಂಡಿತು. "ಅಕ್ಕಾ, ಕೈ ತೆಗಿ."

"ಯಾಕೋ? ಆಫ್ ಇಲ್ವಾ?"

"ಇದೆ. ಮುಟ್ಟಿ ನೋಡ್ದೆ, ಆಫೇ ಇದೆ. ಆದ್ರೂ ತೆಗಿ ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ." ದೊಡ್ಡ ದೊಡ್ಡ ವಿಮಾನ ಇಳಿಸಿದವನು ಸೀಟಿನಿಂದ ಅರ್ಧ ಎದ್ದೇಬಿಟ್ಟಿದ್ದ. "ಅವತ್ತೂ ಮುಟ್ಟಿ ನೋಡೇ ಹೇಳಿದ್ದೆ. ಹಾಗೆ ಅಂದ್ಕೊಂಡಿದೀನಿ. ದಿನಾ ಯೋಚ್ನೆ ಮಾಡಿ ಮಾಡಿ ಈಗ ನನಗೇ ಗ್ಯಾರಂಟಿ ಇಲ್ಲ ಅಕ್ಕಾ."

ಮೇಸ್ತ್ರಿ ಥಟ್ಟನೆ ತಲೆಯೆತ್ತಿ ಭಾವಮೈದನನ್ನು ನೋಡಿದ. ವರ್ಷದ ಮೇಲೆ ಮೊದಲ ಬಾರಿಗೆ ಮುಖವಿಟ್ಟು ನೋಡಿದ.

"ನಿನಗೆ ಗ್ಯಾರಂಟಿ ಇಲ್ದಿದ್ರೆ ಬೇಡ. ನನಗಿದೆ" ಎಂದಳು ಸೂಜಿಯಕ್ಕ. "ಒಳಗಿನ ಮಸಿಯೆಲ್ಲ ಕೆರೆದು ವೈರೆಲ್ಲ ಹೊಸದು ಹಾಕಿದೋರು ನಿಮ್ಮ ಭಾವ. ಸ್ವಿಚ್ ಮೇಲೆ ಕೈ ಇಟ್ಟಿರೋನು ನನ್ನ ತಮ್ಮ. ನಿಮ್ಮಿಬ್ರನ್ನ ನಂಬದೆ ನಾನಿನ್ನು ಯಾರನ್ನ ನಂಬ್ಲಿ? ಹೇಳು, ಸ್ವಿಚ್ ಆಫ್?"

ತಮ್ಮ ಇನ್ನೊಮ್ಮೆ ಮುಟ್ಟಿ ನೋಡಿದ. ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದ. "ಸ್ವಿಚ್ ಆಫ್."

ಅವಳು ಎಳೆದಳು. ಫ್ಯಾನು ಭಾರವಾಗಿ, ಬೇಸರದಿಂದೆಂಬಂತೆ ಅರ್ಧ ಸುತ್ತು ತಿರುಗಿ ನಿಂತಿತು. ಒಳಗೆಲ್ಲೋ ಟಕ್ ಎಂದಿತು. ಅಷ್ಟೇ, ಮತ್ತೇನೂ ಆಗಲಿಲ್ಲ. ಶೆಡ್ಡಿನ ತಗಡಿನ ಮೇಲೆ ಒಂದು ಗುಬ್ಬಿ ಓಡಾಡುವ ಸದ್ದು ಕೂಡ ಕೇಳಿಸುವಷ್ಟು ನಿಶ್ಶಬ್ದ.

ಭುಜದ ಮೇಲೆ ಒಂದು ಕೈ ಬಿತ್ತು. "ಎಡಗಾಲು ಹಿಂದಿರಬೇಕು ಕಣೇ. ಹೀಗೆ ನಿಂತ್ರೆ ಮುಂದಕ್ಕೆ ಮುಗ್ಗರಿಸ್ತೀಯ. ಇಷ್ಟು ವರ್ಷ ನೋಡಿ ಇದನ್ನೇನಾ ಕಲಿತಿದ್ದು? ಆಚೆ ಸರಿ." ಬೈಗುಳದ ಧಾಟಿಯೇ ಆಗಿತ್ತು. ಸೂಜಿಯಕ್ಕ ಸರಿದು ನಿಂತಳು.

ಮೇಸ್ತ್ರಿ ಎಡಗಾಲು ಹಿಂದಿಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಎದೆ ತುಂಬ ಉಸಿರು ಎಳೆದುಕೊಂಡು, ಆ ಹಳೇ ಗಡಸು ಧ್ವನಿಯಲ್ಲಿ ಕೂಗಿದ.

"ಸ್ವಿಚ್ ಆಫ್?"

ಸೀಟಿನಿಂದ ಎರಡು ಕೈ ಮೇಲೆದ್ದವು. "ಸ್ವಿಚ್ ಆಫ್, ಭಾವ."

ಅಯ್ಯೋ ದೇವರೇ! ಒಂದು ಮಾತು ಹೆಚ್ಚಾಯಿತು. ಮೇಸ್ತ್ರಿ ಫ್ಯಾನಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ನಿಯಮವೆಂದರೆ ನಿಯಮ.

"ಮೊದಲಿಂದ!" ಎಂದು ಗುಡುಗಿದ. ಮತ್ತೆ ಮುಂದೆ ಬಂದು ನಿಂತ. "ಸ್ವಿಚ್ ಆಫ್?"

ಈ ಸಲ ಹುಡುಗನ ಧ್ವನಿ ಮೊದಲಿಗಿಂತ ಜೋರಾಗಿ ಬಂತು. "ಸ್ವಿಚ್ ಆಫ್, ಭಾವ!"

ಮೇಸ್ತ್ರಿ ತಲೆ ತಗ್ಗಿಸಿದ. ತೋಳಿನಿಂದ ಕಣ್ಣೊರೆಸಿಕೊಂಡ, ಎಲ್ಲರಿಗೂ ಬೆವರೆಂದು ಕಾಣುವ ಹಾಗೆ. ಈ ಸಲ ಹಿಂದೆ ಸರಿಯಲಿಲ್ಲ. "ಪೆಟ್ರೋಲ್ ಆನ್?" ಎಂದ.

"ಪೆಟ್ರೋಲ್ ಆನ್, ಭಾವ."

"ಥ್ರಾಟಲ್ ಕ್ಲೋಸ್?"

"ಥ್ರಾಟಲ್ ಕ್ಲೋಸ್, ಭಾವ."

ಮೇಸ್ತ್ರಿ ಮುರಿದು ಕೂಡಿದ ಆ ಕೈಯನ್ನು ಅಲಗಿನ ಮೇಲಿಟ್ಟು, ಮೆಲ್ಲಗೆ ಒಂದೊಂದೇ ಸುತ್ತು ತಿರುಗಿಸಿ ಎಂಜಿನ್ನಿಗೆ ಪೆಟ್ರೋಲು ಕುಡಿಸಿದ. ಫ್ಯಾನು ಕುರಿಮರಿಯ ಹಾಗೆ ಹೇಳಿದ್ದು ಕೇಳಿತು. ಆಮೇಲೆ ಒಂದು ಹೆಜ್ಜೆ ಹಿಂದೆ ನಿಂತು, ಮೈದಾನದ ಆ ತುದಿಗೂ ಕೇಳುವಂತೆ ಕೂಗಿದ. "ಕಾಂಟ್ಯಾಕ್ಟ್!"

"ಕಾಂಟ್ಯಾಕ್ಟ್!"

ಸ್ವಿಚ್ ಆನ್ ಆಯಿತು. ಮೇಸ್ತ್ರಿ ಎಳೆದ. ಒಂದು ಕೆಮ್ಮು, ಒಂದು ಬುಸ್, ಮತ್ತೆ ಮೌನ. ಮ್ಯಾನೇಜರು ಕನ್ನಡಕ ಹಾಕಿಕೊಂಡು ಕಣ್ಣು ಮುಚ್ಚಿಕೊಂಡ. ಮೇಸ್ತ್ರಿ ಮತ್ತೊಮ್ಮೆ ಎಳೆದ. ಈ ಸಲ ಅಜ್ಜಿ ಸೀನಿದಳು, ಕೆಮ್ಮಿದಳು, ಮೂಗಿನಿಂದ ನೀಲಿ ಹೊಗೆ ಬಿಟ್ಟಳು, ನಿಂತೇಹೋಗುತ್ತಾಳೆ ಎನ್ನುವಷ್ಟರಲ್ಲಿ ತಡವರಿಸಿ, ಹಿಡಿದುಕೊಂಡು, ಪಟಪಟ ಎಂದು ಓಡತೊಡಗಿದಳು. ಫ್ಯಾನು ಕಣ್ಣಿಗೆ ಕಾಣದಂತಾಯಿತು. ಹುಲ್ಲೆಲ್ಲ ಹಿಂದಕ್ಕೆ ಮಲಗಿತು. ಸೂಜಿಯಕ್ಕ ರೆಕ್ಕೆಯ ತುದಿಗೆ ಕೈಯಿಟ್ಟಳು. ಅವಳು ಹೊಲಿದ ಬಟ್ಟೆ ಅಂಗೈಯಡಿ ನಡುಗುತ್ತಿತ್ತು, ಒಂದು ಹೊಲಿಗೆಯೂ ಸಡಿಲವಿರಲಿಲ್ಲ.

ತಪಾಸಣೆಯವರು ಸುತ್ತು ಹಾಕಿ, ಬಗ್ಗಿ, ಆಲಿಸಿ, ಮ್ಯಾನೇಜರನ ಕಿವಿಯಲ್ಲಿ ಏನೋ ಹೇಳಿದರು. ಅವನ ಮುಖ ಅರಳಿದ್ದು ನೋಡಿದರೆ ಸಾಕಿತ್ತು. ಕಂಬ ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು.

ಅಷ್ಟರಲ್ಲಿ ತಮ್ಮ ಸೀಟಿನಿಂದ ಬಗ್ಗಿ, ಎಂಜಿನ್ನಿನ ಸದ್ದಿಗಿಂತ ಜೋರಾಗಿ ಏನೋ ಕಿರಿಚಿದ. "ಆಯಿಲ್ ಪ್ರೆಶರ್ ಸರಿಯಾಗಿದೆ! ಸಂಜೆ ಊಟಕ್ಕೆ ಬರ್ತೀನಿ!"

ಅಭ್ಯಾಸ ಬಿಡುತ್ತದೆಯೇ? ಸೂಜಿಯಕ್ಕ ಕೂಡಲೇ ಗಂಡನತ್ತ ಓಡಿದಳು. ಕಿವಿಯ ಹತ್ತಿರ ಬಾಯಿಟ್ಟು, "ರೀ, ಪ್ರೆಶರ್ ಸರಿಯಾಗಿದೆಯಂತೆ. ಸಂಜೆ ಊಟಕ್ಕೆ…"

"ಕೇಳಿಸ್ತು ಕಣೇ" ಎಂದ ಮೇಸ್ತ್ರಿ, ಸೀಟಿನ ಕಡೆಯಿಂದ ಕಣ್ಣು ತೆಗೆಯದೆ. "ಅವನು ನನಗೇ ಹೇಳಿದ್ದು."

ಆಮೇಲೆ, ಏನೋ ನೆನಪಾದವನಂತೆ, ಮಣಿಕಟ್ಟು ಉಜ್ಜಿಕೊಳ್ಳುತ್ತ ಹೇಳಿದ. "ಮನೆಗೆ ಹೋದ ತಕ್ಷಣ ಆ ಕುರ್ಚಿ ಮೇಲಿನ ಪೇಪರ್ ತೆಗೀಬೇಕು. ನೀನು ಬೇಡ, ನಾನೇ ತೆಗೀತೀನಿ."